ಇಪ್ಪತ್ತು ನಿಮಿಷದ ಟಿ.ಸಿ.

ನಾನು ಬಿಟ್ಟುಬಂದ ಕುರ್ಚಿಗೆ ಬಂದಿರುವ ಹುಡುಗಿ ಹೋದ ತಿಂಗಳು ಫೋನ್ ಮಾಡಿದ್ದಳು. ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದವಳು, ಉತ್ಸಾಹಿ. "ಮೇಡಂ, ಈ ಕೆಲಸಕ್ಕೆ ಮುಖ್ಯವಾಗಿ ಏನು ಗೊತ್ತಿರಬೇಕು?" ಎಂದು ಕೇಳಿದಳು. "ಮಾರಿಕುಪ್ಪಂ ಗಾಡಿಯ ಟೈಮು" ಎಂದೆ. ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ. ಬಿಡಿಸಿ ಹೇಳುವುದನ್ನು ಕೇಳುವಷ್ಟು ಪುರುಸೊತ್ತು ಅವಳಿಗಿರಲಿಲ್ಲ, ನನಗೆ ಈಗ ಬೇಕಾದಷ್ಟಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕೆ.ಜಿ.ಎಫ್.ನ ಒಂದು ಪದವಿ ಕಾಲೇಜಿನಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ದುಡಿದೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದು ಸೇವಾ ಪುಸ್ತಕದಲ್ಲಿದೆ. ಅದನ್ನು ಇಲ್ಲಿ ಬರೆದರೆ ಓದುವವರಿಗೆ ಆಕಳಿಕೆ ಬರುತ್ತದೆ. ಸೇರಿದ್ದು ಕ್ಲಾರ್ಕ್ ಆಗಿ. ವಿದ್ಯಾರ್ಥಿಗಳು ಬಂದು ನಿಲ್ಲುವ ಕಿಟಕಿಯ ಹಿಂದೆ ಕೂರಲು ಬೇರೆ ಯಾರೂ ಒಪ್ಪದ ಕಾರಣ ನನ್ನನ್ನು ಕೂರಿಸಿದರು. ಆ ಕಿಟಕಿಗೆ ಮೊದಲು 'ವಿಚಾರಣೆ' ಎಂಬ ಹೆಸರಿತ್ತು. ಆಮೇಲೆ 'ವಿದ್ಯಾರ್ಥಿ ಕ್ಷೇಮ' ಎಂದಾಯಿತು. ಕಾಲೇಜುಗಳನ್ನು ಅಳೆದು ದರ್ಜೆ ಕೊಡಲು ಹೊರಗಿನವರು ಬರುವ ಕಾಲ ಬಂದ ಮೇಲೆ 'ಸ್ಟೂಡೆಂಟ್ ಸಪೋರ್ಟ್ ಸೆಲ್' ಎಂಬ ಹೊಳೆಯುವ ಬೋರ್ಡು ಬಂತು. ಬೋರ್ಡು ಎಷ್ಟೇ ಬದಲಾದರೂ ಕಿಟಕಿಯ ಆಚೆಯಿಂದ ಬರುವ ಮಾತು ಬದಲಾಗಲಿಲ್ಲ. ಮೇಡಂ, ಫಾರಂ ಬಂತಾ? ಮೇಡಂ, ನಂಗೆ ಶಾರ್ಟೇಜ್ ಇದೆಯಾ? ಮೇಡಂ, ಇದೊಂದ್ಸಲ ಬಿಟ್ಬಿಡಿ.

ನನ್ನ ಮೊದಲ ದೊಡ್ಡ ಎಡವಟ್ಟು ಹಾಜರಾತಿಯದ್ದೇ. ಹಾಜರಾತಿ ಕಡಿಮೆ ಇದ್ದವರ ಮನೆಗೆ ಕಾಗದ ಬರೆಯುವುದು ನನ್ನ ಕೆಲಸ. ಆ ವರ್ಷ ಡಿ. ಸೆಲ್ವಿ ಎಂಬ ಹೆಸರಿನ ಹುಡುಗಿಯರು ಇಬ್ಬರಿದ್ದರು, ಒಬ್ಬಳು ಉರಿಗಾಂ ಕಡೆ, ಇನ್ನೊಬ್ಬಳು ನಮ್ಮ ಆಂಡರ್ಸನ್‌ಪೇಟೆಯವಳು. ಕಾಗದ ತಪ್ಪು ಸೆಲ್ವಿಯ ಮನೆಗೆ ಹೋಯಿತು. ಮಾರನೆಯ ದಿನವೇ ಉರಿಗಾಂನಿಂದ ಅವಳ ತಂದೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಕಿಟಕಿಯ ಮುಂದೆ ಕೈಕಟ್ಟಿ ನಿಂತರು. "ತಪ್ಪಾಯ್ತು ಮೇಡಂ, ಅವ ಚಿನ್ನ ಪೊಣ್ಣು, ಚಿಕ್ಕ ಹುಡುಗಿ, ಮನ್ನಿಸ್ಬಿಡಿ. ಇನ್ಮೇಲೆ ನಾನೇ ಕರ್ಕೊಂಡ್ಬಂದು ಬಿಡ್ತೀನಿ" ಎಂದು ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಬೇಡಿಕೊಂಡರು. ರಿಜಿಸ್ಟರ್ ತೆಗೆದು ನೋಡಿದರೆ ಅವರ ಮಗಳು ಒಂದು ದಿನವೂ ತಪ್ಪಿಸಿಕೊಂಡಿರಲಿಲ್ಲ. ನಾನು ತಮಿಳಿನಲ್ಲಿ ಕ್ಷಮೆ ಕೇಳಿದೆ. ಅವರು ನಂಬಲಿಲ್ಲ. ಆಫೀಸಿನವರು ಕ್ಷಮೆ ಕೇಳಿದ್ದನ್ನು ಅವರು ಕಂಡೇ ಇರಲಿಲ್ಲ.

ಆ ಘಟನೆಯಿಂದ ನಾನು ಕಲಿತದ್ದು ಅರ್ಧ ಸರಿ, ಅರ್ಧ ತಪ್ಪು. ಹೆಸರಿನ ಜೊತೆ ವಿಳಾಸವನ್ನೂ ನೋಡಬೇಕು ಎಂದು ಕಲಿತೆ, ಅದು ಸರಿ. ಭಾಷೆ ಬಂದರೆ ಅರ್ಧ ಕೆಲಸ ಮುಗಿಯಿತು ಎಂದು ಬೀಗಿದೆ, ಅದು ತಪ್ಪು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಕಲಿತು ಬೆಳೆದವಳು ನಾನು. ಬಂಗಾರಪೇಟೆ ಕಡೆಯ ಹಳ್ಳಿಗಳಿಂದ ಮಾರಿಕುಪ್ಪಂ ರೈಲಿನಲ್ಲಿ ಬರುವ ಮಕ್ಕಳ ಮನೆಮಾತು ಎಷ್ಟೋ ಸಲ ತೆಲುಗು. ನನಗೆ ತೆಲುಗು ಬರದು. ಆದರೆ ಅವರು ನನ್ನ ಹತ್ತಿರ ಕನ್ನಡದಲ್ಲೇ ಮಾತಾಡುತ್ತಿದ್ದರಲ್ಲ, ಇನ್ನೇನು ತೊಂದರೆ ಎಂದುಕೊಂಡಿದ್ದೆ.

ಇನ್ನು ಮೇಲಧಿಕಾರಿಗಳ ವಿಷಯ. ಐದಾರು ಪ್ರಿನ್ಸಿಪಾಲರನ್ನು ಕಂಡೆ, ಬರೆಯಬೇಕಾದವರು ಒಬ್ಬರೇ. ಅವರಿಗೆ ಹುಡುಗರು ಇಟ್ಟ ಹೆಸರು 'ರೂಲ್‌ಬುಕ್'. ಹನ್ನೆರಡು ವರ್ಷ ನಮ್ಮಲ್ಲಿದ್ದರು. ಒಮ್ಮೆಯೂ ದನಿ ಏರಿಸಿದವರಲ್ಲ, ಒಮ್ಮೆಯೂ ನಕ್ಕವರಲ್ಲ. ಏನು ಕೇಳಿದರೂ "ರೂಲಿನಲ್ಲಿ ಇದೆಯಾ?" ಎನ್ನುವುದು. ಇದ್ದರೆ ತಕ್ಷಣ ಆಗುತ್ತಿತ್ತು, ಇಲ್ಲದಿದ್ದರೆ ಸಾಕ್ಷಾತ್ ಬ್ರಹ್ಮ ಬಂದು ಕೇಳಿದರೂ ಆಗುತ್ತಿರಲಿಲ್ಲ. ಬಂದ ಮೊದಲ ವಾರವೇ ಅವರು ನನ್ನ ಕಿಟಕಿಗೆ ಒಂದು ಆಜ್ಞೆ ಹೊರಡಿಸಿದರು. 'ನಾಳೆ ಬಾ' ಎಂಬ ಮಾತು ಇನ್ನು ಮುಂದೆ ಈ ಕಾಲೇಜಿನಲ್ಲಿ ಕೇಳಿಸಬಾರದು. ಹಳ್ಳಿಯಿಂದ ಕೂಲಿ ಬಿಟ್ಟು ಬರುವ ತಂದೆತಾಯಿಯನ್ನು ಎರಡು ಸಲ ಅಲೆಸಬಾರದು. ಕೇಳಿದ ಕಾಗದ ಅವತ್ತೇ ಕೊಡಬೇಕು.

ಒಳ್ಳೆಯ ಆಜ್ಞೆ. ನಾನು ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಟಿ.ಸಿ. ಎಂದರೆ ಕಾಲೇಜು ಬಿಡುವಾಗ ಕೊಡುವ ವರ್ಗಾವಣೆ ಪತ್ರ. ಅದಿಲ್ಲದೆ ಬೇರೆ ಕಡೆ ಸೇರಿಸಿಕೊಳ್ಳುವುದಿಲ್ಲ, ಅದನ್ನು ತೆಗೆದುಕೊಂಡರೆ ಇಲ್ಲಿ ಹೆಸರಿರುವುದಿಲ್ಲ. ಬೇರೆ ಕಾಲೇಜುಗಳಲ್ಲಿ ಅದಕ್ಕೆ ವಾರ ಹಿಡಿಯುತ್ತಿತ್ತು. ನಾನು ಇಪ್ಪತ್ತು ನಿಮಿಷದಲ್ಲಿ ಬರೆದು, ಸಹಿ ಹಾಕಿಸಿ, ಸೀಲು ಒತ್ತಿ ಕೊಡುತ್ತಿದ್ದೆ. ಬಂದವರು ಹರಸಿ ಹೋಗುತ್ತಿದ್ದರು. ನನಗೂ ಅದೊಂದು ಹೆಮ್ಮೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ ಎಂಬ ಗಾದೆ ಇದೆಯಲ್ಲ, ನಾನು ಕಟ್ಟುವುದರಲ್ಲಿ ನಿಸ್ಸೀಮಳಾಗಿದ್ದೆ.

ನಡುವೆ ಒಂದು ತರಬೇತಿಗೆ ಕಳಿಸಿದರು. ಮೂರು ದಿನ, ಮಧ್ಯಾಹ್ನ ಊಟಕ್ಕೆ ಹೋಳಿಗೆ. ವಿದ್ಯಾರ್ಥಿಯ ಮನಸ್ಸನ್ನು ತಿಳಿಯುವುದು ಹೇಗೆ ಎಂದು ಹೇಳಿಕೊಟ್ಟರು. ನಗುವ ಮುಖ, ಅಳುವ ಮುಖ, ಸುಮ್ಮನಿರುವ ಮುಖ ಬರೆದ ಕಾರ್ಡುಗಳನ್ನು ಕೊಟ್ಟು, ಇವತ್ತು ನಿನ್ನ ಮನಸ್ಸು ಯಾವುದು ಎಂದು ಕೇಳಬೇಕಂತೆ. ಬಂದು ನಾಲ್ಕು ದಿನ ಹಾಗೆ ಮಾಡಿ ನೋಡಿದೆ. ಎಲ್ಲರೂ ಸುಮ್ಮನಿರುವ ಮುಖವನ್ನೇ ತೋರಿಸಿ, "ಅಷ್ಟೇನಾ ಮೇಡಂ, ಓಗ್ಲಾ?" ಎಂದರು. ಕಾರ್ಡುಗಳು ಬೀರು ಸೇರಿದವು. ಆದರೆ ತರಬೇತಿಯ ಒಂದು ಮಾತು ನನ್ನಲ್ಲಿ ಉಳಿಯಿತು. ಮನೆಯವರು ಅರ್ಜಿ ಕೊಟ್ಟರೂ ವಿದ್ಯಾರ್ಥಿಯನ್ನೊಮ್ಮೆ ಕೇಳಿ ಎಂದಿದ್ದರು. ಅಂದಿನಿಂದ ಟಿ.ಸಿ. ಕೊಡುವ ಮೊದಲು ಒಂದು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಂಡೆ.

ಆ ಪ್ರಶ್ನೆಯನ್ನೇ ನಾನು ವೆಂಕಟಲಕ್ಷ್ಮಿಗೂ ಕೇಳಿದ್ದು.

ಬಂಗಾರಪೇಟೆಯಿಂದ ಆಚೆ ಒಂದು ಹಳ್ಳಿಯ ಹುಡುಗಿ. ಬಿ.ಎಸ್ಸಿ. ಮೊದಲ ವರ್ಷ ಮುಗಿಸಿ ಎರಡನೆಯದಕ್ಕೆ ಬಂದಿದ್ದಳು. ಹೆಚ್ಚು ಮಾತಿಲ್ಲ. ಕೆಮಿಸ್ಟ್ರಿ ಲೆಕ್ಚರರ್ ಅವಳ ರೆಕಾರ್ಡ್ ಪುಸ್ತಕವನ್ನು ಬೇರೆಯವರಿಗೆ ತೋರಿಸುತ್ತಿದ್ದರು ಎಂಬುದು ಮಾತ್ರ ನನಗೆ ಗೊತ್ತಿತ್ತು. ಒಂದು ಸೋಮವಾರ ಅವಳ ಅಣ್ಣ ನಾರಾಯಣಸ್ವಾಮಿ ತಂದೆಯ ಸಹಿ ಇದ್ದ ಅರ್ಜಿ ಹಿಡಿದು ಬಂದ. ಹತ್ತಿರದಲ್ಲೇ ಮುಂದಿನ ವರ್ಷ ಬಿ.ಎ.ಗೆ ಸೇರಿಸುತ್ತೇವೆ, ಈಗ ಟಿ.ಸಿ. ಕೊಡಿ ಎಂದು ಅದರಲ್ಲಿತ್ತು. ಹುಡುಗಿ ಅವನ ಪಕ್ಕದಲ್ಲಿ ದುಪಟ್ಟದ ತುದಿ ಹಿಡಿದು ನಿಂತಿದ್ದಳು.

"ಏನಮ್ಮ, ಟಿ.ಸಿ. ತಗೊಳ್ತಾ ಇದ್ದೀಯ. ನಿನಗೆ ಸರಿ ತಾನೆ?" ಎಂದೆ.

ಅವಳು ನನ್ನನ್ನೇ ನೋಡಿ, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದಳು. "ನಂಗೆ ಟಿ.ಸಿ. ಅವಸರ ಇಲ್ಲ ಮೇಡಂ."

"ನಿನಗೆ ಅವಸರ ಇಲ್ಲದಿದ್ರೆ ಏನಮ್ಮ, ನಿಮ್ಮಣ್ಣ ಕೆಲಸ ಬಿಟ್ಟು ಬಂದಿದ್ದಾರಲ್ಲ, ಅವರಿಗಿರುತ್ತೆ" ಎಂದು ನಾನು ನಕ್ಕೆ. ಅವಳು ಅಣ್ಣನ ಕಡೆ ನೋಡಿದಳು. ಅವನು ಗೋಡೆಯ ಮೇಲಿದ್ದ ನೋಟೀಸು ಓದುತ್ತಿದ್ದ. ಅವಳು ಇನ್ನೊಮ್ಮೆ, "ಅವಸರ ಇಲ್ಲ ಮೇಡಂ" ಎಂದಳು. "ಇಪ್ಪತ್ತು ನಿಮಿಷ, ಕೂತ್ಕೊಳ್ಳಿ" ಎಂದು ನಾನು ಪೆನ್ನು ತೆಗೆದುಕೊಂಡೆ. ಹದಿನೆಂಟು ನಿಮಿಷದಲ್ಲಿ ಕೊಟ್ಟೆ.

ಮೂರು ವಾರ ಕಳೆದವು. ಒಂದು ದಿನ ಒಬ್ಬ ಅಜ್ಜಿ ಮೊಮ್ಮಗನ ಸ್ಟಡಿ ಸರ್ಟಿಫಿಕೇಟ್ ಕೇಳಿಕೊಂಡು ಬಂತು. "ಈ ಕಾಗ್ದ ನಂಗೆ ಶಾನೆ ಅವಸರ ಐತೆ ಕಣಮ್ಮ" ಎಂದಿತು. ಪಾಪ, ಎಲ್ಲಿಗೆ ಓಡಬೇಕೋ ಎಂದು ಕೈಯಲ್ಲಿದ್ದುದನ್ನು ಬಿಟ್ಟು ಬರೆದು, ಪ್ರಿನ್ಸಿಪಾಲರ ಕೊಠಡಿಗೆ ನಾನೇ ಓಡಿ ಸಹಿ ಹಾಕಿಸಿ ತಂದರೆ, ಅಜ್ಜಿ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದೆ.

"ಅಜ್ಜಿ, ಅವಸರ ಅಂದ್ರಿ?"

"ಊನಮ್ಮ, ಅವಸರಾನೇ. ಅಂಗಂತ ಉಣ್ಣೋದ್ ಬ್ಯಾಡ್ವಾ? ಸಾಯಂತ್ರ ಕೊಟ್ರೂ ಆಯ್ತದೆ."

ನಮ್ಮ ಅಟೆಂಡರ್ ಮುನಿಯಪ್ಪ ಬಾಗಿಲಲ್ಲಿ ನಿಂತು ನಗುತ್ತಿದ್ದರು. ಅವರೂ ಬಂಗಾರಪೇಟೆ ಕಡೆಯವರು. "ಮೇಡಂ, ಅದು ತೆಲುಗು ಅವಸರ, ಕನ್ನಡದ್ದಲ್ಲ" ಎಂದರು. "ಅಂದರೆ?" ಎಂದೆ. "ತೆಲುಗಲ್ಲಿ ಅವಸರ ಅಂದ್ರೆ ಬೇಕು ಅಂತ. ಅವಸರಂ ಲೇದು ಅಂದ್ರೆ ಬ್ಯಾಡ ಅಂತ. ನಮ್ ಕಡೆ ಮನೇಲಿ ತೆಲುಗು ಆಡೋರು ಕನ್ನಡದಾಗೂ ಅಂಗೇ ಅಂದ್ಬಿಡ್ತಾರೆ. ಅಜ್ಜಿ ಕಾಗ್ದ ಬೇಕೇ ಬೇಕು ಅಂದ್ಲು, ಬ್ಯಾಗ ಬೇಕು ಅನ್ನಲಿಲ್ಲ. ನೀವು ಸುಮ್ಕೆ ಓಡಿದ್ರಿ" ಎಂದು ಮತ್ತೆ ನಕ್ಕರು.

ನಾನೂ ನಕ್ಕೆ. ಕುರ್ಚಿಗೆ ಹೋಗಿ ಕೂತ ಮೇಲೆ ನಗು ನಿಂತಿತು. ಎಷ್ಟೋ ಮಕ್ಕಳು ಆ ಕಿಟಕಿಯಲ್ಲಿ 'ಅವಸರ ಐತೆ ಮೇಡಂ' ಎಂದಾಗ, 'ಏನಪ್ಪ ನಿನ್ನ ಅವಸರ, ಲೈನಲ್ಲಿ ನಿಲ್ಲು' ಎಂದು ಗದರಿದ್ದೆ. ಅದು ಹಾಗಿರಲಿ. ದುಪಟ್ಟದ ತುದಿ ಹಿಡಿದಿದ್ದ ಆ ಹುಡುಗಿ ನನಗೆ ಟಿ.ಸಿ. ಬೇಡ ಎಂದಿದ್ದಳು. ಎರಡು ಸಲ ಹೇಳಿದ್ದಳು. ನಾನು ನಗೆಯಾಡಿ, ಬೇಡವೆಂದ ಕಾಗದವನ್ನು ಅವಳ ಕೈಗೆ ಕೊಟ್ಟು ಕಳಿಸಿದ್ದೆ.

ಪ್ರಿನ್ಸಿಪಾಲರ ಬಳಿ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ರೂಲು ಪುಸ್ತಕ ತೆಗೆದರು. ಬಹಳ ಹೊತ್ತು ಓದಿದರು.

"ಟಿ.ಸಿ. ಬೇರೆ ಕಡೆ ಕೊಟ್ಟಿಲ್ಲದಿದ್ದರೆ ರದ್ದು ಮಾಡಬಹುದು. ಮೂಲ ಪ್ರತಿ ವಾಪಸ್ ಬರಬೇಕು, ತಂದೆಯ ಒಪ್ಪಿಗೆ ಬೇಕು. ಇನ್ನು ನಾಲ್ಕು ದಿನದಲ್ಲಿ ಕ್ಲಾಸಿಗೆ ಬಂದರೆ ಹಾಜರಾತಿ ದಾಟುತ್ತದೆ. ಅದರ ಮೇಲಾದರೆ ವರ್ಷ ಹೋಯಿತು" ಎಂದರು. ಒಂದು ವರ್ಷ ಹೋದ ಹುಡುಗಿಯನ್ನು ಯಾವ ಮನೆಯೂ ಮತ್ತೆ ರೈಲು ಹತ್ತಿಸುವುದಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ರದ್ದತಿಗೆ ಕಾರಣ ಬರೀಬೇಕಲ್ಲ ಸಾರ್. ಏನಂತ ಬರೆಯೋಣ?"

"ಭಾಷೆ ತಿಳಿಯಲಿಲ್ಲ ಅನ್ನೋ ಕಾರಣ ರೂಲಿನಲ್ಲಿ ಇಲ್ಲ. ಕಚೇರಿಯ ತಪ್ಪು ಅಂತ ಇದೆ. ಆದರೆ ಕಚೇರಿ ಅಂದರೆ ಯಾರು ಅಂತ ಹೆಸರು ಕೇಳ್ತಾರೆ. ಆಗ ನಾನು ನಿಮಗೆ ಮೆಮೊ ಕೊಡಬೇಕಾಗುತ್ತದೆ. ಬರೆದುಕೊಡ್ತೀರಾ?"

ಬರೆದುಕೊಟ್ಟೆ. ದೊಡ್ಡತನವೇನೂ ಅಲ್ಲ, ತಪ್ಪು ನನ್ನದೇ ಆಗಿತ್ತು.

ಮಾರನೆಯ ಬೆಳಿಗ್ಗೆ ಮುನಿಯಪ್ಪನವರನ್ನು ಕರೆದುಕೊಂಡು ಬಂಗಾರಪೇಟೆಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ವೆಂಕಟಲಕ್ಷ್ಮಿಯ ಊರಿನ ಗೇಟಿನಲ್ಲಿ ಇಳಿದೆವು. ಈ ಸಲ ತೆಲುಗು ಬರುವವರು ಜೊತೆಯಲ್ಲಿರಲಿ ಎಂದು ಅವರನ್ನು ಕರೆದಿದ್ದೆ. "ಅವಸರವೇ ಅಪಘಾತಕ್ಕೆ ಕಾರಣ ಅಂತ ರೋಡಲ್ಲೆಲ್ಲ ಬರ್ದವ್ರೆ, ನೀವು ನೋಡ್ಲಿಲ್ವಾ ಮೇಡಂ" ಎಂದು ದಾರಿಯುದ್ದಕ್ಕೂ ನನ್ನನ್ನು ಕಾಡಿದರು. ಅದು ಅವರ ಸಮಾಧಾನ ಹೇಳುವ ರೀತಿ.

ಮನೆಯ ಮುಂದಿನ ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ವೆಂಕಟಲಕ್ಷ್ಮಿ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ನಮ್ಮನ್ನು ಕಂಡು ಎದ್ದು, ಕೈ ಒರೆಸಿಕೊಂಡು, ಒಳಗೆ ಹೋಗದೆ ಹೊರಗೂ ಬರದೆ ನಿಂತಳು. ಅವಳ ತಂದೆ ಜಗುಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು. ನಾನು ಸುತ್ತಿಬಳಸದೆ ಹೇಳಿದೆ. "ನಿಮ್ಮ ಮಗಳು ಟಿ.ಸಿ. ಬೇಡ ಅಂದಿದ್ದಳು. ನನಗೆ ಅರ್ಥವಾಗಲಿಲ್ಲ. ತಪ್ಪು ನನ್ನದು. ಅದನ್ನು ಸರಿ ಮಾಡೋದಕ್ಕೆ ಬಂದಿದ್ದೀನಿ."

"ಇವ್ಳು ಓದೋದು ನಂಗೂ ಇಷ್ಟಾನೇ ಅಮ್ಮ" ಎಂದರು ಅವರು. "ಮಂಗ್ಳಾರ, ಸುಕ್ರಾರ ಅದೇನೋ ಪ್ರಾಕ್ಟಿಕಲ್ಲಂತೆ. ನಾಕೂಕಾಲರ ಗಾಡಿ ತಪ್ಪೋಯ್ತದೆ. ಮುಂದಿನ ಗಾಡಿಗೆ ಬಂದು ಮನೆ ಸೇರೋದ್ರಾಗೆ ಡೇರಿ ಮುಚ್ಚಿರ್ತದೆ. ಆ ಬಿಳೀ ಅಸು ಇವ್ಳ ಕೈಗ್ ಬಿಟ್ರೆ ಯಾರ್ ಕೈಗೂ ಆಲು ಬಿಡಾಕಿಲ್ಲ. ನನ್ನ ಒದ್ದೈತೆ, ಇವ್ರಮ್ಮನ್ನ ಒದ್ದೈತೆ."

ಒಬ್ಬಳು ಹುಡುಗಿ ಕೆಮಿಸ್ಟ್ರಿ ಬಿಡಲು ಒಂದು ಹಸುವಿನ ಹಠವೂ ಒಂದು ರೈಲಿನ ಟೈಮೂ ಕಾರಣವಾಗಿದ್ದವು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ನಾನು ಹಾಜರಾತಿಯ ಬಗ್ಗೆ ಬರೆದ ಕಾಗದಗಳಲ್ಲಿ ಈ ಎರಡರ ಹೆಸರೂ ಬಂದಿರಲಿಲ್ಲ.

"ಬೆಳಗ್ಗೆ ಒಂದು ಬ್ಯಾಚ್ ಇದೆ. ಅದಕ್ಕೆ ಹಾಕಿಸ್ತೀನಿ. ನಾಲ್ಕೂಕಾಲರ ಗಾಡಿ ತಪ್ಪೋದಿಲ್ಲ" ಎಂದೆ. ಹಾಕಿಸಲು ನನಗೆ ಅಧಿಕಾರವಿತ್ತೇ ಎಂದರೆ ಇರಲಿಲ್ಲ. ಆ ಕ್ಷಣಕ್ಕೆ ಬಾಯಿಗೆ ಬಂತು, ಹೇಳಿಬಿಟ್ಟೆ. ಆಮೇಲೆ ಹುಡುಗಿಯ ಕಡೆ ತಿರುಗಿ, "ಅವತ್ತು ಬೇಡ ಅಂತಲೇ ಯಾಕಮ್ಮ ಅನ್ನಲಿಲ್ಲ?" ಎಂದು ಕೇಳಿದೆ. ನನ್ನ ತಪ್ಪನ್ನು ಸ್ವಲ್ಪ ಅವಳಿಗೂ ಹಂಚುವ ಆಸೆ ಇತ್ತೇನೋ.

"ಅಣ್ಣನ ಮುಂದೆ ಬ್ಯಾಡ ಅನ್ನಕ್ಕಾಯ್ತದಾ ಮೇಡಂ? ಎದುರು ಮಾತಾಡ್ದಂಗೆ ಆಯ್ತದೆ. ಅವಸರ ಇಲ್ಲ ಅಂದ್ರೆ ಮರ್ಯಾದೆಯಾಗಿರ್ತದೆ ಅಂತ ಅಂದೆ" ಎಂದಳು.

ಅಷ್ಟರಲ್ಲಿ ನಾರಾಯಣಸ್ವಾಮಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬಂದ. ನನ್ನನ್ನು ನೋಡಿ ಅವನಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. ಹೊರೆ ಇಳಿಸಿ, ಟವೆಲ್ಲಿನಿಂದ ಮುಖ ಒರೆಸಿಕೊಂಡು ಕಂಬಕ್ಕೆ ಒರಗಿ ನಿಂತ. ಮುನಿಯಪ್ಪ ತೆಲುಗಿನಲ್ಲಿ ನಾಲ್ಕು ಮಾತು ಹೇಳಿದರು. ನನಗೆ ತಡೆಯಲಾಗಲಿಲ್ಲ.

"ನಿಮಗೆ ಅರ್ಥವಾಗಿತ್ತಲ್ಲ? ನಿಮ್ಮ ತಂಗಿ ಹೇಳಿದ್ದು?"

"ಆಗಿತ್ತು ಮೇಡಂ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಕೇಳ್ದೋರು ನೀವು, ಅವ್ಳು ನಿಮ್ಗೇ ಏಳಿದ್ಲು. ನೀವು ಕೊಡಾಕಿಲ್ಲ ಅಂದಿದ್ರೆ ಸುಮ್ಕೆ ವಾಪಸ್ ಬತ್ತಿದ್ದೆ. ಅಪ್ಪನ ತಾವ ಆಫೀಸ್ನೋರು ಒಪ್ಲಿಲ್ಲ ಅಂತ ಏಳ್ತಿದ್ದೆ. ನೀವು ಸೀಲು ಒತ್ತಿ ಕೊಟ್ಬುಟ್ರಿ" ಎಂದ. ಸಿಟ್ಟಿರಲಿಲ್ಲ. ಹಾಲಿನ ಲೆಕ್ಕ ಹೇಳುವಷ್ಟೇ ಸಲೀಸಾಗಿ ಹೇಳುತ್ತಿದ್ದ. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, "ಅವ್ಳನ್ನಾದ್ರೂ ಕೇಳಿದ್ರಿ. ನನ್ನ ಅದೂ ಕೇಳ್ಲಿಲ್ಲ" ಎಂದ.

ನನಗೆ ತಿಳಿಯಲಿಲ್ಲ. ಮುನಿಯಪ್ಪನವರ ಮುಖ ನೋಡಿದೆ. ಅವರಿಗೂ ತಿಳಿದಂತಿರಲಿಲ್ಲ.

"ನಾನೂ ಅಲ್ಲೇ ಓದಿದ್ದು ಮೇಡಂ, ಬಿ.ಕಾಂ. ಅಪ್ಪನಿಗೆ ಮೈ ಸರಿ ಇರ್ಲಿಲ್ಲ. ಚಿಕ್ಕಪ್ಪ ಬಂದು ಅರ್ಜಿ ಕೊಟ್ರು. ನಾನು ಪಕ್ಕದಾಗೇ ನಿಂತಿದ್ದೆ, ಇವ್ಳು ನಿಂತಿದ್ಳಲ್ಲ, ಅದೇ ಜಾಗ. ಯಾರಾನ ಒಂದು ಮಾತು ಕೇಳ್ತಾರೇನೋ ಅಂತ ನಿಂತಿದ್ದೆ. ಚಿಕ್ಕಪ್ಪ ಕಾಫಿ ಕುಡ್ದು ಬರೋದ್ರಾಗೆ ಟಿ.ಸಿ. ರೆಡಿ ಮಾಡಿದ್ರಿ. ಚಿಕ್ಕಪ್ಪನಿಗೆ ಭಾಳ ಕುಸಿ ಆಯ್ತು. ಎಂಥ ಒಳ್ಳೆ ಅಮ್ಮ ನೋಡ್ಲಾ, ಒಂದ್ಸಲಕ್ಕೇ ಕೊಟ್ಬುಟ್ರು ಅಂತ ದಾರಿ ಉದ್ದಕ್ಕೂ ಏಳ್ಕೊಂಡ್ ಬಂದ್ರು."

ಅವನು ಒಳಗೆ ಹೋದ. ಟ್ರಂಕಿನ ಮುಚ್ಚಳದ ಸದ್ದು ಕೇಳಿಸಿತು. ಹೊರಗೆ ಬಂದು ಪ್ಲಾಸ್ಟಿಕ್ ಕವರಿನಲ್ಲಿದ್ದ ತಂಗಿಯ ಟಿ.ಸಿ.ಯನ್ನು ನನ್ನ ಕೈಗೆ ಕೊಟ್ಟ. ಮಡಚಿರಲಿಲ್ಲ, ಸುಕ್ಕೂ ಬಿದ್ದಿರಲಿಲ್ಲ. "ಬೆಳಗಿನ ಬ್ಯಾಚು ಅಂದ್ರಲ್ಲ, ಅದು ಕಾಯಮ್ಮಾ?" ಎಂದು ಕೇಳಿದ. "ಕಾಯಂ" ಎಂದೆ. ತಂದೆ ಒಪ್ಪಿಗೆಗೆ ಸಹಿ ಹಾಕಿದರು. ಹುಡುಗಿ ಕ್ಯಾನನ್ನು ಎರಡನೆಯ ಸಲ ತೊಳೆಯಲು ಶುರು ಮಾಡಿದ್ದಳು. ಅಳುತ್ತಿದ್ದುದು ಕಾಣದಿರಲೆಂದು ನಮಗೆ ಬೆನ್ನು ಹಾಕಿದ್ದಳು.

ಕಾಲೇಜಿಗೆ ಬಂದು ಪ್ರಾಕ್ಟಿಕಲ್ ಬ್ಯಾಚುಗಳ ಪಟ್ಟಿ ತೆಗೆಸಿ ನೋಡಿದೆ. ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಹೆಸರು ಹಂಚಿದ್ದರು. ಆಗ್ನೆಸ್, ಅನಿತಾ, ಡೈಸಿ, ಜೆನಿಫರ್ ಎಲ್ಲ ಬೆಳಗಿನ ಬ್ಯಾಚು. ಇವರೆಲ್ಲ ಕಾಲೇಜಿಗೆ ನಡೆದು ಬರುವ ಊರಿನ ಮಕ್ಕಳು. ವರಲಕ್ಷ್ಮಿ, ವೆಂಕಟಲಕ್ಷ್ಮಿ, ವೆಂಕಟಮ್ಮ, ಯಶೋದಮ್ಮ ಎಲ್ಲ ಮಧ್ಯಾಹ್ನದ ಬ್ಯಾಚು. ಇವರೆಲ್ಲ ರೈಲಿನ ಮಕ್ಕಳು. ಯಾರೂ ಬೇಕೆಂದು ಮಾಡಿದ್ದಲ್ಲ. ಹಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ದೇವರ ಹೆಸರಿಡುತ್ತಾರೆ, ಆ ದೇವರ ಹೆಸರು ಅಕ್ಷರಮಾಲೆಯ ಕೊನೆಯಲ್ಲಿ ಬರುತ್ತದೆ, ಅಷ್ಟೇ. ವರ್ಷಾನುಗಟ್ಟಲೆ ಹಾಗೇ ನಡೆದಿತ್ತು, ರೈಲಿನ ಮಕ್ಕಳಿಗೆ ಶಿಸ್ತು ಇಲ್ಲ ಎಂದು ಸ್ಟಾಫ್ ರೂಮಿನಲ್ಲಿ ಮಾತಾಡಿಕೊಂಡಿದ್ದೆವು. ನಾನೂ ಅದಕ್ಕೆ ತಲೆಯಾಡಿಸಿದ್ದೆ.

ಪಟ್ಟಿಯನ್ನು ಪ್ರಿನ್ಸಿಪಾಲರ ಮುಂದಿಟ್ಟೆ. ಲೆಕ್ಚರರೊಬ್ಬರು, ಅಕ್ಷರದ ಕ್ರಮ ಬಿಟ್ಟರೆ ಗೊಂದಲವಾಗುತ್ತದೆ, ಅದು ಮೊದಲಿನಿಂದ ಬಂದ ಪದ್ಧತಿ ಎಂದರು. ಪ್ರಿನ್ಸಿಪಾಲರು ಪುಸ್ತಕ ತೆಗೆದರು. ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಹುಡುಕಿದರು. "ಅಕ್ಷರಾನುಕ್ರಮ ಅಂತ ರೂಲಿನಲ್ಲಿ ಎಲ್ಲೂ ಇಲ್ಲವಲ್ಲ" ಎಂದು ಪುಸ್ತಕ ಮುಚ್ಚಿದರು. ರೈಲಿನ ಮಕ್ಕಳು ಬೆಳಗಿನ ಬ್ಯಾಚು, ಊರಿನವರು ಮಧ್ಯಾಹ್ನ ಎಂದು ಅಂದೇ ಆದೇಶವಾಯಿತು. ಅದರ ಕೆಳಗಿದ್ದ ಇನ್ನೊಂದು ಹಾಳೆ ನನ್ನ ಮೆಮೊ. ಎರಡಕ್ಕೂ ಒಂದೇ ಪೆನ್ನಿನಲ್ಲಿ ಸಹಿ ಹಾಕಿದರು. ರದ್ದತಿಯ ಕಡತವನ್ನು ಅಂಚೆಗೆ ಹಾಕದೆ ತಾವೇ ವಿಶ್ವವಿದ್ಯಾಲಯಕ್ಕೆ ಹಿಡಿದುಕೊಂಡು ಹೋದರು ಎಂದು ಆಮೇಲೆ ತಿಳಿಯಿತು. ಅದು ರೂಲಿನಲ್ಲಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ವೆಂಕಟಲಕ್ಷ್ಮಿ ಗುರುವಾರ ಕ್ಲಾಸಿಗೆ ಬಂದಳು. ಹಾಜರಾತಿ ದಾಟಿತು, ಕೂದಲೆಳೆಯಲ್ಲಿ. ಒಂದು ಪೇಪರನ್ನು ಎರಡನೆಯ ಸಲಕ್ಕೆ ಪಾಸು ಮಾಡಿ ಡಿಗ್ರಿ ಮುಗಿಸಿದಳು. ಈಗ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಇದನ್ನು ನನ್ನ ಸಾಧನೆ ಎಂದು ಬೀಳ್ಕೊಡುಗೆಯ ದಿನ ಯಾರೋ ಭಾಷಣದಲ್ಲಿ ಹೇಳಿದರು. ಚಪ್ಪಾಳೆಯೂ ಬಿತ್ತು. ನಾನು ತಲೆ ತಗ್ಗಿಸಿ ಕೂತಿದ್ದೆ. ವಿನಯ ಎಂದುಕೊಂಡರು.

ಈಗ ಟಿ.ಸಿ. ಕಂಪ್ಯೂಟರಿನಲ್ಲಿ ಬರುತ್ತದಂತೆ. ಬಿಡುವ ಕಾರಣವನ್ನೂ ಪಟ್ಟಿಯಿಂದ ಆರಿಸಬೇಕಂತೆ, ಎರಡು ನಿಮಿಷ ಸಾಕಂತೆ. ನನ್ನ ಕುರ್ಚಿಗೆ ಬಂದಿರುವ ಹುಡುಗಿಗೆ ಹೇಳುವುದು ಇಷ್ಟೇ. ಆ ಎರಡು ನಿಮಿಷಕ್ಕೆ ಮೊದಲು, ಅರ್ಜಿ ಕೊಟ್ಟವರನ್ನು ಕಾಫಿಗೆ ಕಳಿಸಿ, ಪಕ್ಕದಲ್ಲಿ ನಿಂತವರನ್ನು ಕೂರಿಸಿ ಮಾತಾಡಿಸಮ್ಮ. ಅವರು ಹೇಳಿದ್ದು ತಿಳಿಯಿತು ಅನ್ನಿಸಿದರೂ ಇನ್ನೊಂದು ಸಲ, ಬೇರೆ ಮಾತಿನಲ್ಲಿ ಕೇಳು. ಇದನ್ನು ನಾನು ಬಹಳ ತಡವಾಗಿ ಕಲಿತೆ.

ವೆಂಕಟಲಕ್ಷ್ಮಿಯ ಟಿ.ಸಿ. ರದ್ದಾದ ದಿನ ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಟಿ.ಸಿ. ಪುಸ್ತಕದಲ್ಲಿ ಅದರ ಜಾಗಕ್ಕೇ ಅಂಟಿಸಿದೆ. ಆಮೇಲೆ ಬೀರುವಿನಿಂದ ಹಳೆಯ ಪುಸ್ತಕಗಳನ್ನು ಇಳಿಸಿದೆ. ಒಂಬತ್ತು ವರ್ಷ ಹಿಂದಿನದರಲ್ಲಿ ಅವನು ಸಿಕ್ಕಿದ. ನಾರಾಯಣಸ್ವಾಮಿ, ಬಿ.ಕಾಂ. ಎರಡನೆಯ ವರ್ಷ. ಹಾಜರಾತಿ, ಉತ್ತಮ. ನಡತೆ, ಉತ್ತಮ. ಕಾಲೇಜು ಬಿಡಲು ಕಾರಣ, 'ಸ್ವಂತ'. ಎಲ್ಲವೂ ನನ್ನದೇ ಕೈಬರಹ, ಅಕ್ಷರ ದುಂಡಗಿದೆ, ಒಂದು ಚಿತ್ತೂ ಇಲ್ಲ. ಹಿಂದಿನ ಹಾಳೆಯಲ್ಲೂ 'ಸ್ವಂತ', ಮುಂದಿನ ಹಾಳೆಯಲ್ಲೂ 'ಸ್ವಂತ'. ಆ ಹುಡುಗ ನನ್ನ ಕಿಟಕಿಯ ಮುಂದೆ ಯಾರಾದರೂ ಒಂದು ಮಾತು ಕೇಳಲಿ ಎಂದು ನಿಂತಿದ್ದ. ಆಗಿನ ಅವನ ಮುಖ ಹೇಗಿತ್ತೆಂದು ನೆನೆಸಿಕೊಳ್ಳಲು ಅವತ್ತು ಬಹಳ ಹೊತ್ತು ಕೂತಿದ್ದೆ, ಆಮೇಲೆಯೂ ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ನೆನಪಾಗುವುದಿಲ್ಲ. ನಾನು ತಲೆಯೆತ್ತಿ ನೋಡಿರಲೇ ಇಲ್ಲ.